ಲೋಣಾರದ ಕೆಂಪು ನೀರು



ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯಲ್ಲಿ ಲೋಣಾರ ಎಂಬ ಊರಿದೆ. ಆಕಾಶದಿಂದ ಬಿದ್ದ ಉಲ್ಕೆಯ ಹೊಡೆತಕ್ಕೆ ಅಲ್ಲಿಯ ಕರಿಕಲ್ಲಿನ ನೆಲದಲ್ಲಿ ಸುಮಾರು 1.8 ಕಿಲೋಮೀಟರು ಅಗಲದ ಕುಳಿ ಬಿದ್ದು, ಅದರಲ್ಲಿ ಉಪ್ಪುನೀರು ನಿಂತು ಸರೋವರವಾಗಿದೆ. 2020ರ ಜೂನ್ ತಿಂಗಳಲ್ಲಿ ಹಸಿರಾಗಿದ್ದ ಆ ನೀರು ಗುಲಾಬಿಗೆಂಪಾಯಿತು. ಸಾಂಕ್ರಾಮಿಕ ರೋಗದಿಂದ ದೇಶವೇ ಕಂಗೆಟ್ಟಿದ್ದ ಕಾಲವದು. ಅಂಥ ಹೊತ್ತಿನಲ್ಲಿ ಕೆರೆ ಕೆಂಪಾದರೆ ಅಪಶಕುನವೆಂದು ಯಾರಿಗೆ ತಾನೆ ಅನಿಸದು?

ಉತ್ತರ ದೊರೆತದ್ದು ನಮ್ಮ ಈ ಪುಣೆಯಲ್ಲಿಯೇ. ಇಲ್ಲಿಯ ಆಘಾರಕರ ಸಂಶೋಧನ ಸಂಸ್ಥೆಯವರು ಆ ನೀರನ್ನು ಪರೀಕ್ಷಿಸಿದರು. ಅಲುಗಿಸದೆ ಇಟ್ಟಾಗ ಕೆಂಪೆಲ್ಲ ತಳಕ್ಕೆ ಇಳಿದು ಮೇಲಿನ ನೀರು ತಿಳಿಯಾಯಿತು. ಬಣ್ಣ ನೀರಿನದಲ್ಲ, ನೀರಿನೊಳಗಿನ ಜೀವಿಗಳದು! ಮಳೆ ಕಡಿಮೆಯಾಗಿ, ನೀರು ಆವಿಯಾಗಿ, ಉಪ್ಪಿನಂಶ ಏರಿದ್ದರಿಂದ ಹ್ಯಾಲೋಆರ್ಕಿಯಾ ಎಂಬ ಸೂಕ್ಷ್ಮಜೀವಿಗಳು ಹೇರಳವಾಗಿ ಬೆಳೆದಿದ್ದವು.

ಕಣ್ಣಿಗೆ ಕಾಣದ ಜೀವಿಗೆ ಬಣ್ಣವೇತಕ್ಕೆ? ಅದು ಶೃಂಗಾರವಲ್ಲ, ಬದುಕಿನ ಸಾಧನ. ಗಜ್ಜರಿಗೆ ಬಣ್ಣ ಕೊಡುವ ಕುಲದ ಕೆಂಪು ದ್ರವ್ಯ ಇವನ್ನು ಉರಿಬಿಸಿಲಿನಿಂದ ಕಾಯುತ್ತದೆ. ಈ ವರ್ಗದ ಕೆಲವು ಜೀವಿಗಳಲ್ಲಿ ಬ್ಯಾಕ್ಟೀರಿಯೊರೊಡಾಪ್ಸಿನ್ ಎಂಬ ನೇರಳೆ ಪ್ರೋಟೀನೂ ಇರುವುದನ್ನು ವಿಜ್ಞಾನಿಗಳು 1971ರಲ್ಲಿ ಪ್ರಕಟಿಸಿದರು. ಅದು ಬೆಳಕನ್ನು ಹೀರಿ, ಪ್ರೋಟಾನೆಂಬ ಕಣಗಳನ್ನು ಜೀವಕೋಶದ ಹೊರಕ್ಕೆ ತಳ್ಳುತ್ತದೆ. ಅವು ಒಳಕ್ಕೆ ಮರಳುವಾಗ, ಅಣೆಕಟ್ಟಿನ ನೀರು ಚಕ್ರ ತಿರುಗಿಸುವಂತೆ, ಜೀವಿಗೆ ಬೇಕಾದ ಶಕ್ತಿ ಸಿದ್ಧವಾಗುತ್ತದೆ.

ಇವಕ್ಕೆ ಎಲೆಯಲ್ಲಿರುವಂಥ ಪತ್ರಹರಿತ್ತಿಲ್ಲ. ಅದರ ಹತ್ತಿರದ ದ್ರವ್ಯವುಳ್ಳ ನೇರಳೆ ಬ್ಯಾಕ್ಟೀರಿಯಗಳು ಬೇರೆ ಇವೆ. ಅಂಥದೊಂದರ ಬೆಳಕು ಹಿಡಿಯುವ ಪ್ರೋಟೀನಿನ ರಚನೆ 1995ರಲ್ಲಿ ತಿಳಿಯಿತು. ಅದೊಂದು ಬಳೆ, ಬಳೆಯಲ್ಲಿ ಬಣ್ಣದ 27 ಅಣುಗಳು. ಕಟ್ಟಡದ ಕೆಲಸದಲ್ಲಿ ಬುಟ್ಟಿ ಕೈಯಿಂದ ಕೈಗೆ ಸಾಗಿ ಗವಂಡಿಯನ್ನು ಮುಟ್ಟುವುದಿಲ್ಲವೇ? ಹಾಗೆಯೇ ಒಂದು ಅಣು ಹಿಡಿದ ಬೆಳಕಿನ ಶಕ್ತಿ ಮತ್ತೊಂದಕ್ಕೆ ದಾಟುತ್ತ, ಬಳೆಯಿಂದ ಬಳೆಗೆ ಸಾಗಿ, ಕೊನೆಗೆ ಅದನ್ನು ಬಳಸುವ ಕೇಂದ್ರವನ್ನು ಸೇರುತ್ತದೆ. ಮಂದ ಬೆಳಕಿನಲ್ಲಿಯೂ ಆ ಜೀವಿ ಬದುಕುವುದು ಈ ಕೂಡುದುಡಿಮೆಯಿಂದ.

ಬಂಧುಗಳೇ, ನಾವು ಊರು ಬಿಟ್ಟು ಬಂದ ಜನ. ಚಾಳಿನಲ್ಲಿ ಒಂದು ವದಂತಿ ಎದ್ದರೆ ಗಂಟುಮೂಟೆ ಕಟ್ಟುವಷ್ಟು ಗಾಬರಿ ನಮಗಾಗುತ್ತದೆ. ಸುದ್ದಿಯನ್ನೂ ಆ ನೀರಿನಂತೆ ತುಸು ಹೊತ್ತು ಅಲುಗಿಸದೆ ಇಟ್ಟು ನೋಡೋಣ. ತಳಕ್ಕೆ ಏನು ಇಳಿಯಿತೆಂಬುದನ್ನು ತಿಳಿದವರಲ್ಲಿ ಕೇಳೋಣ. ವಾಚನಾಲಯದ ಬಾಗಿಲು ತೆರೆದಿರುವುದು ಅದಕ್ಕಾಗಿಯೇ.