ನಿಡಘಟ್ಟದಲ್ಲಿ ಯಾವ ಕಡೆ?

(ನಿಡಘಟ್ಟದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣ)



ನಿಮ್ಮಲ್ಲಿ ಬಹಳ ಜನ ಡಿಗ್ರಿ ಮುಗಿಸಿ ಬೆಂಗಳೂರಿನ ಬಸ್ಸು ಹತ್ತುವವರು. ಅಲ್ಲಿ ಕಂಪನಿಯ ಇಂಟರ್‌ವ್ಯೂ ಹೇಗಿರುತ್ತೆ ಅಂತ ಒಂದು ಸಣ್ಣ ನಾಟಕ ಹೇಳ್ತೀನಿ, ಕೇಳಿ.

‘ಯಾವೂರಪ್ಪಾ?’

‘ನಿಡಘಟ್ಟ ಸಾರ್.’

‘ನಿಡಘಟ್ಟದಲ್ಲಿ ಎಲ್ಲಿ?’

‘ರೋಡ್ ಪಕ್ಕ ಸಾರ್.’

‘ರೋಡಿನ ಯಾವ ಕಡೆ?’

‘ಬಸ್ ನಿಲ್ಲೋ ಕಡೆ ಸಾರ್.’

‘ಅದಲ್ಲಪ್ಪಾ... ನಿಮ್ಮಪ್ಪನ ಪೂರ್ತಿ ಹೆಸರೇನು?’

‘ಅಪ್ಪನೂ ಅರ್ಜಿ ಹಾಕಬೇಕಾ ಸಾರ್?’

‘ಛೇ ಛೇ, ಸುಮ್ನೆ ಕೇಳ್ದೆ. ನಮ್ಮ ಕಂಪನೀಲಿ ಜಾತಿಗೀತಿ ಏನೂ ಇಲ್ಲ. ಬರೀ ಮೆರಿಟ್ಟು.’

ನೀವು ನಕ್ಕಿರಿ. ಯಾರನ್ನು ನೋಡಿ ನಕ್ಕಿರಿ? ಕೆಲಸ ಕೇಳಲು ಹೋದ ಹುಡುಗನನ್ನಲ್ಲ. ಜಾತಿ ಹುಡುಕುತ್ತಲೇ ಜಾತಿ ಇಲ್ಲ ಅನ್ನುವವನನ್ನು. ವಿಡಂಬನೆ ಅಂದರೆ ಇದೇ.

ನಾಟಕ ಕಟ್ಟಿದ್ದು. ಅದರ ಹಿಂದಿನ ಸತ್ಯ ಕಟ್ಟಿದ್ದಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಖಾಸಗಿ ಕಂಪನಿಗಳ ಜಾಹೀರಾತಿಗೆ 4,808 ಅರ್ಜಿ ಕಳಿಸಿ ನೋಡಿದರು. ಓದು ಒಂದೇ, ಹೆಸರು ಮಾತ್ರ ಬೇರೆ. 2007ರಲ್ಲಿ ಅಚ್ಚಾದ ಅವರ ಲೇಖನದ ಪ್ರಕಾರ, ದಲಿತ ಹೆಸರಿನ ಅರ್ಜಿಗೆ ಕರೆ ಬರುವ ಸಾಧ್ಯತೆ ಮೇಲ್ಜಾತಿ ಹೆಸರಿನದರ ಮೂರರಲ್ಲಿ ಎರಡು ಪಾಲಷ್ಟೇ. 2012ರ ಇನ್ನೊಂದು ಲೆಕ್ಕ: ದೇಶದ ಸಾವಿರ ದೊಡ್ಡ ಕಂಪನಿಗಳ ಆಡಳಿತ ಮಂಡಳಿಗಳಲ್ಲಿ ನೂರಕ್ಕೆ ಸುಮಾರು 93 ಮಂದಿ ಮೇಲ್ಜಾತಿಯವರು. ಜಾತಿ ಇಲ್ಲದ ಕಡೆ ಇಷ್ಟು ಅಚ್ಚುಕಟ್ಟಾಗಿ ಜಾತಿ ಹೇಗೆ ಕೂತಿತು? ಇದಕ್ಕಿಂತ ದೊಡ್ಡ ನಗೆನಾಟಕ ನಾನು ಬರೆಯಲಾರೆ.

ಇನ್ನೊಂದು ಥರದ ನಗೆಯೂ ಇದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಮ್ಯಾನೇಜ್‌ಮೆಂಟ್ ಕಾಲೇಜೊಂದರ ವಿದ್ಯಾರ್ಥಿಗಳು ವೇದಿಕೆ ಮೇಲೆ ಪ್ರಹಸನ ಆಡಿದರು. ಅದರಲ್ಲಿ ನಗೆಪಾಟಲಾದವನು ದಲಿತ ಹುಡುಗ. ಬಾಬಾಸಾಹೇಬರ ಹೆಸರನ್ನೂ ತಿರುಚಿದರು. ಕೇಸಾಯಿತು, ಬಂಧನವಾಯಿತು, ಆಮೇಲೆ ಹೈಕೋರ್ಟು ಕೇಸನ್ನು ರದ್ದು ಮಾಡಿತು. ಕಾನೂನಿನ ಮಾತು ಅಲ್ಲಿಗಾಯಿತು. ನಮ್ಮ ಪ್ರಶ್ನೆ ಬೇರೆ: ಮೇಲೆ ಕೂತವನು ಕೆಳಗಿರುವವನನ್ನು ನೋಡಿ ನಗುವುದು ವಿಡಂಬನೆಯೇ? ಅದು ಊರಿನ ಹಳೇ ಬೈಗುಳ, ಮೈಕಿನಲ್ಲಿ ಹೇಳಿದ್ದು ಅಷ್ಟೆ. ನಾಳೆ ಇಂಟರ್‌ವ್ಯೂ ಮೇಜಿನ ಆಚೆ ಕೂರುವವರು ಇಂಥ ಕಾಲೇಜುಗಳಿಂದಲೇ ಬರುತ್ತಾರೆ.

ನನ್ನ ತಪ್ಪನ್ನೂ ಹೇಳಿಬಿಡ್ತೀನಿ. ನಾನು ಕೆಲಸಕ್ಕಿದ್ದ ಕಡೆ ಊಟದ ಹೊತ್ತಿನಲ್ಲಿ ಒಬ್ಬರು ಕೋಟಾದವರ ಬಗ್ಗೆ ಜೋಕು ಹೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಗೊತ್ತಾಗಿಬಿಟ್ಟರೆ ಅನ್ನೋ ಭಯ. ಆವತ್ತು ಗಂಟಲಲ್ಲಿ ಮುದ್ದೆ ಇಳಿಯಲಿಲ್ಲ.

ಆ ನಗು ಬಿಡಬೇಕಾದರೆ ನಮ್ಮದೇ ನಗು ಕಲಿಯಬೇಕು. ಸಿದ್ದಲಿಂಗಯ್ಯನವರ ‘ಊರುಕೇರಿ’ ಓದಿ. ಹಸಿವನ್ನೂ ಅವಮಾನವನ್ನೂ ನಗುನಗುತ್ತಾ ಹೇಳಿದ್ದಾರೆ. ಆ ನಗು ಹಸಿದವನ ಮೇಲಲ್ಲ.

ಹಾಸ್ಟೆಲಿನಲ್ಲೇ ನಾಟಕ ಕಟ್ಟಿ. ಒಂದು ಮೇಜು, ಎರಡು ಕುರ್ಚಿ ಸಾಕು. ಒಂದೇ ನಿಯಮ: ಯಾರ ಕೈಲಿ ಅಧಿಕಾರ ಇದೆಯೋ ಅವನನ್ನು ನೋಡಿ ನಗಿಸಿ. ಕಸ ಗುಡಿಸುವ ಅಕ್ಕನ ಮಾತನ್ನು, ಮೈಬಣ್ಣವನ್ನು ಅಣಕಿಸಬೇಡಿ. ಹಾಗೆ ಮಾಡಿದರೆ ನಾವೂ ಅವರೇ ಆಗ್ತೀವಿ.

ಯಾರಾದರೂ ‘ಯಾವ ಕಡೆಯವನಪ್ಪಾ?’ ಅಂದರೆ ತಲೆ ತಗ್ಗಿಸಬೇಡಿ. ನೆಟ್ಟಗೆ ನೋಡಿ ಕೇಳಿ: ‘ನೀವು ಯಾವ ಕಡೆ ಸಾರ್?’

ಜೈ ಭೀಮ್.