ಎಳೆಯದೆಯೇ ಈಡಾಗುವ ರೈಫಲು
ಕೆಟ್ಟ ಟ್ರಿಗರನ್ನು ಬದಲಾಯಿಸುವ ವಿಷಯವಾಗಿ ಒಂದು ಉಪನ್ಯಾಸ



ನೇಗಿಲಿನ ಕುಳ ಸವೆದರೆ ಉಳುಮೆ ಕೆಡುವುದು. ನೀರೆತ್ತುವ ಯಂತ್ರದ ವಾಷರು ಹರಿದರೆ ನೀರು ಬಾರದು. ಇಂತಹ ಉಪಕರಣಗಳು ಕೆಟ್ಟಾಗ ತಮ್ಮ ಕೆಲಸವನ್ನು ನಿಲ್ಲಿಸುತ್ತವೆ. ಬೇಟೆಯ ರೈಫಲಿನ ಟ್ರಿಗರು ಕೆಟ್ಟರೆ ಸಂಗತಿಯೇ ಬೇರೆ. ಅದು ಕೆಲಸವನ್ನು ನಿಲ್ಲಿಸುವುದಿಲ್ಲ, ಬೇಡದ ಹೊತ್ತಿನಲ್ಲಿ ಮಾಡಿಬಿಡುತ್ತದೆ. ಬೆಳೆಯ ರಕ್ಷಣೆಗೆಂದು ಪರವಾನಿಗೆ ಪಡೆದು ಕೋವಿಯನ್ನಿಟ್ಟುಕೊಂಡಿರುವ ಮನೆಗಳಲ್ಲಿ ಮಕ್ಕಳೂ ದನಕರುಗಳೂ ಇರುವುದರಿಂದ, ಈ ಚಿಕ್ಕ ಭಾಗದ ಸಂಗತಿಯನ್ನು ಕೃಷಿಕರೂ ಅರಿತಿರುವುದು ಮೇಲು.

ಹಳೆಯ ಜೋಡುನಳಿಗೆಯ ಕೋವಿಯಲ್ಲಿ ಕುದುರೆಯು ಹೊರಗೆ ಕಾಣುತ್ತದೆ. ಎತ್ತಿದೆಯೋ ಇಳಿದಿದೆಯೋ ಎಂಬುದು ನೋಡಿದೊಡನೆ ತಿಳಿಯುವುದು. ಬೋಲ್ಟ್ ರೈಫಲಿನಲ್ಲಿಯಾದರೋ ಈ ಏರ್ಪಾಡು ಬಹುಮಟ್ಟಿಗೆ ಒಳಗಡಗಿದೆ. ಬಾಗಿಲಿನ ಅಗುಳಿಯಂತೆ ಹಿಂದಕ್ಕೆಳೆದು ಮುಂದಕ್ಕೆ ತಳ್ಳುವ ಉಕ್ಕಿನ ದಂಡವೇ ಬೋಲ್ಟು. ಅದರೊಳಗೆ ಬಲವಾದ ಸ್ಪ್ರಿಂಗು, ಸ್ಪ್ರಿಂಗಿನ ಮುಂದೆ ತೋಟಾವನ್ನು ಹೊಡೆಯುವ ಸೂಜಿ. ಬೋಲ್ಟನ್ನು ಮುಚ್ಚಿದಾಗ ಆ ಸೂಜಿಯನ್ನು ಸಿಯರ್ ಎಂಬ ಉಕ್ಕಿನ ತುಂಡೊಂದು ಹಿಡಿದು ನಿಲ್ಲಿಸುವುದು; ಸಿಯರು ಕೆಳಗೆ ಬೀಳದಂತೆ ಟ್ರಿಗರಿನ ಅಂಚು ಆನಿಸಿಕೊಂಡಿರುವುದು. ಇವೆರಡೂ ಒಂದನ್ನೊಂದು ಕಚ್ಚಿರುವ ಅಳತೆಯು ಒಂದಂಗುಲದ ಸುಮಾರು 50ನೆಯ ಒಂದು ಭಾಗ ಮಾತ್ರ. ತುಂಬಿದ ರೈಫಲನ್ನು ಹೆಗಲಿಗೇರಿಸಿ ಬೆಟ್ಟ ಹತ್ತುವವನ ಮತ್ತು ಅವನ ಜೊತೆಯವರ ಪ್ರಾಣವೆಲ್ಲವೂ ಆ ಕೂದಲೆಳೆಯಷ್ಟು ಉಕ್ಕಿನ ಮೇಲೆ ನಿಂತಿರುತ್ತದೆ.

ಈ ವಿಷಯದಲ್ಲಿ ಅತ್ಯಂತ ಪ್ರಸಿದ್ಧವಾದ ದೃಷ್ಟಾಂತವು ಅಮೆರಿಕಾ ದೇಶದ್ದು. ಅಲ್ಲಿಯ ರೆಮಿಂಗ್ಟನ್ ಕಂಪನಿಯ ಎಂಜಿನಿಯರಾದ ಮೈಕ್ ವಾಕರ್ ಎಂಬವರು ಹಗುರವಾಗಿ, ನಯವಾಗಿ ಎಳೆಯಲು ಬರುವ ಟ್ರಿಗರೊಂದನ್ನು ರಚಿಸಿದರು. 1948ರಲ್ಲಿ ಮಾರಾಟಕ್ಕೆ ಬಂದ 721ನೆಯ ಮಾದರಿಯಲ್ಲಿಯೂ, 1962ರಲ್ಲಿ ಹೊರಬಂದ 700ನೆಯ ಮಾದರಿಯಲ್ಲಿಯೂ ಇದನ್ನೇ ಅಳವಡಿಸಲಾಯಿತು. ಟ್ರಿಗರಿಗೂ ಸಿಯರಿಗೂ ನಡುವೆ ಕನೆಕ್ಟರ್ ಎಂಬ ಬಿಡಿ ತುಂಡೊಂದನ್ನು ಇಟ್ಟಿರುವುದೇ ಇದರ ವಿಶೇಷ. ಆ ತುಂಡು ಟ್ರಿಗರಿಗೆ ಬೆಸೆದದ್ದಲ್ಲ. ಸ್ಪ್ರಿಂಗಿನ ಒತ್ತಡದಿಂದ ಅಂಟಿಕೊಂಡಿರುವುದು ಮಾತ್ರ. ಪ್ರತಿಯೊಂದು ಈಡಿನಲ್ಲಿಯೂ ಅದು ಕ್ಷಣಮಾತ್ರ ಟ್ರಿಗರಿನಿಂದ ಬೇರೆಯಾಗಿ ಮತ್ತೆ ಬಂದು ಸೇರುವುದು. ಆ ಸಂದಿನಲ್ಲಿ ಧೂಳೋ, ತುಕ್ಕಿನ ಪುಡಿಯೋ, ಹಳೆಯ ಎಣ್ಣೆಯ ಜಿಡ್ಡೋ ಸೇರಿಕೊಂಡರೆ ತುಂಡು ತನ್ನ ಸ್ಥಾನಕ್ಕೆ ಪೂರ್ತಿಯಾಗಿ ಹಿಂದಿರುಗದು. ಆಗ ಸಿಯರಿಗೆ ಆಧಾರವು ಅಂಚಿನಲ್ಲಿ ಮಾತ್ರ ಇರುವುದು, ಅಥವಾ ಇಲ್ಲದೆಯೇ ಹೋಗುವುದು. ಸೇಫ್ಟಿಯನ್ನು ಹಾಕಿರುವವರೆಗೆ ಅದು ಸಿಯರನ್ನು ತಾನೇ ಎತ್ತಿ ಹಿಡಿದಿರುವುದರಿಂದ ಈ ಕೊರತೆ ಹೊರಗೆ ಕಾಣುವುದಿಲ್ಲ. ಸೇಫ್ಟಿಯನ್ನು ತೆಗೆದ ಕ್ಷಣವೇ, ಬೆರಳು ಟ್ರಿಗರಿನ ಹತ್ತಿರ ಸುಳಿಯದಿದ್ದರೂ, ಈಡಾಗಿಬಿಡುವುದು.

ಮೊದಲಿನ ಮಾದರಿಗಳಲ್ಲಿ ಇನ್ನೊಂದು ತೊಡಕೂ ಇದ್ದಿತು. ಸೇಫ್ಟಿಯನ್ನು ಹಾಕಿದರೆ ಬೋಲ್ಟಿಗೂ ಬೀಗ ಬೀಳುತ್ತಿತ್ತು. ತೋಟಾವನ್ನು ಹೊರತೆಗೆಯಬೇಕಾದರೆ ಸೇಫ್ಟಿಯನ್ನು ತೆಗೆಯಲೇ ಬೇಕಾಗಿತ್ತು. ಬೇಟೆ ಮುಗಿಸಿ, ಜಾಗರೂಕತೆಯಿಂದ ರೈಫಲನ್ನು ಖಾಲಿ ಮಾಡಹೊರಟವನೇ ಅಪಾಯಕ್ಕೆ ಸಿಕ್ಕುತ್ತಿದ್ದನು. 1982ರಲ್ಲಿ ಕಂಪನಿಯು ಹೊಸ ರೈಫಲುಗಳಲ್ಲಿ ಬೋಲ್ಟಿನ ಬೀಗವನ್ನು ತೆಗೆದುಹಾಕಿತು, ಟ್ರಿಗರನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿತು. ಸ್ವತಃ ವಾಕರ್‌ರವರೇ 1948ರಲ್ಲಿ ಒಂದು ಸುಧಾರಣೆಯನ್ನು ಸೂಚಿಸಿದ್ದರು. ಅದಕ್ಕೆ ತಗಲುತ್ತಿದ್ದ ಹೆಚ್ಚಿನ ಖರ್ಚು ರೈಫಲೊಂದಕ್ಕೆ ಐದೂವರೆ ಸೆಂಟುಗಳು!

2000ನೆಯ ಇಸವಿಯ ಅಕ್ಟೋಬರಿನಲ್ಲಿ ಮೊಂಟಾನಾ ಸಂಸ್ಥಾನದ ಒಂದು ಕುಟುಂಬವು ಬೇಟೆ ಮುಗಿಸಿಕೊಂಡು ಹಿಂದಿರುಗಿತ್ತು. ತಾಯಿಯು 700ನೆಯ ಮಾದರಿಯ ರೈಫಲನ್ನು ಖಾಲಿ ಮಾಡಲೆಂದು ಸೇಫ್ಟಿಯನ್ನು ಸರಿಸಿದಳು. ಈಡು ಹಾರಿತು. ಗುಂಡು ಕುದುರೆ ಸಾಗಿಸುವ ಗಾಡಿಯನ್ನು ತೂರಿಕೊಂಡು ಹೋಗಿ, ಅದರ ಮರೆಯಲ್ಲಿದ್ದ ಒಂಬತ್ತು ವರ್ಷದ ಮಗನನ್ನು ಕೊಂದಿತು. ಟ್ರಿಗರನ್ನು ಬೆರಳು ಮುಟ್ಟಿರಲಿಲ್ಲವೆಂದು ಮನೆಯವರು ಹೇಳಿದರು. ಕಂಪನಿಯು ತನ್ನ ರಚನೆಯಲ್ಲಿ ದೋಷವಿಲ್ಲವೆಂದೇ ಕೊನೆಯವರೆಗೂ ವಾದಿಸುತ್ತ ಬಂದಿತು.

ಈ ವಾದಕ್ಕೆ ಆಸ್ಪದ ಕೊಟ್ಟದ್ದು ದೋಷದ ಸ್ವಭಾವವೇ. ಸಂದಿನಲ್ಲಿದ್ದ ಧೂಳಿನ ಕಣವು ಈಡಿನ ಅದುರಿಗೇ ಉದುರಿಹೋಗಬಹುದು. ಮರುದಿನ ರೈಫಲನ್ನು ಪರೀಕ್ಷಿಸಿದರೆ ನೂರು ಸಲವೂ ಸರಿಯಾಗಿಯೇ ನಡೆಯುವುದು. ಕಾರ್ಖಾನೆಗೆ ಕಳುಹಿಸಿದ ರೈಫಲುಗಳು ಅನೇಕವು "ದೋಷ ಕಂಡುಬರಲಿಲ್ಲ" ಎಂಬ ಉತ್ತರದೊಡನೆ ಹಿಂದಿರುಗಿದುವು. ತಪ್ಪು ಒಡೆಯನ ಬೆರಳಿಗೆ ಅಂಟಿತು. ಆದಕಾರಣ, ಎಳೆಯದೆ ಒಂದೇ ಒಂದು ಸಲ ಈಡಾಗಿದ್ದರೂ, ಎರಡನೆಯ ಸಲವಾಗಲೆಂದು ಕಾಯತಕ್ಕದ್ದಲ್ಲ. ಆ ರೈಫಲಿಗೆ ತೋಟಾ ತುಂಬುವುದನ್ನು ಅಂದಿಗೇ ನಿಲ್ಲಿಸಿ, ಟ್ರಿಗರನ್ನು ಬದಲಾಯಿಸಿಯೇ ತೀರಬೇಕು. ಒಳಗಿನ ತಿರುಪುಗಳನ್ನು ತಿರುಗಿಸಿ ಸರಿಮಾಡಿಕೊಳ್ಳುವ ಅಭ್ಯಾಸ ಕೆಲವರಲ್ಲುಂಟು. ಎಳೆತವನ್ನು ಹಗುರ ಮಾಡುವ ಆಸೆಯಿಂದ ಹೀಗೆ ತಿರುಗಿಸಿ ಕೆಡಿಸಿದ ಒಳ್ಳೆಯ ಟ್ರಿಗರುಗಳೂ ಕಡಿಮೆಯಲ್ಲ.

ಹೊಸದೆಂದ ಮಾತ್ರಕ್ಕೆ ನಿರ್ದೋಷವೆಂದೂ ನಂಬಲಾಗದು. ಕನೆಕ್ಟರ್ ಇಲ್ಲದ ಎಕ್ಸ್-ಮಾರ್ಕ್ ಪ್ರೊ ಎಂಬ ಟ್ರಿಗರನ್ನು ಅದೇ ಕಂಪನಿಯು 2006ರಿಂದ ಮಾಡತೊಡಗಿತು. 2014ರ ಏಪ್ರಿಲಿನಲ್ಲಿ ಅವುಗಳನ್ನೂ ಹಿಂದಕ್ಕೆ ಕರೆಯಿಸಬೇಕಾಯಿತು. ಜೋಡಿಸುವಾಗ ಹಚ್ಚಿದ ಅಂಟು ಅಳತೆ ಮೀರಿದ್ದುದೇ ಕಾರಣ. ಹಳೆಯ ಟ್ರಿಗರುಗಳ ವ್ಯಾಜ್ಯವು 2018ರಲ್ಲಿ ರಾಜಿಯಿಂದ ಮುಗಿಯಿತು. ಸುಮಾರು 75 ಲಕ್ಷ ಬಂದೂಕುಗಳು ಆ ರಾಜಿಯ ವ್ಯಾಪ್ತಿಗೆ ಬಂದವು. 700ನೆಯ ಮಾದರಿಯವರಿಗೆ ಟ್ರಿಗರನ್ನು ಉಚಿತವಾಗಿ ಬದಲಾಯಿಸಿಕೊಡುವುದೆಂದು ಗೊತ್ತಾಯಿತು. ಆ ಸಂಖ್ಯೆಗೆ ಅರ್ಜಿ ಹಾಕಿಕೊಂಡವರು ಬಹಳ ಕಡಿಮೆ. ವಾಯಿದೆಯು 2020ರ ಏಪ್ರಿಲಿಗೆ ತೀರಿತು. ಅದೇ ವರ್ಷ ಕಂಪನಿಯು ದಿವಾಳಿಯಾಗಿ ಹಂಚಿಹೋಯಿತು. ಬದಲಾಯಿಸದೆ ಉಳಿದ ರೈಫಲುಗಳ ಒಡೆಯರು ಇನ್ನು ಸ್ವಂತ ಖರ್ಚಿನಿಂದಲೇ ಬೇರೆ ತಯಾರಕರ ಟ್ರಿಗರನ್ನು ಕೊಂಡು ಹಾಕಿಸಬೇಕು.

ಅಮೆರಿಕಾದಲ್ಲಿ ಈ ಕೆಲಸವನ್ನು ಎಷ್ಟೋ ಮಂದಿ ಮನೆಯಲ್ಲಿಯೇ ಮಾಡಿಕೊಳ್ಳುತ್ತಾರೆ. ಭಾರತದಲ್ಲಿ ಹಾಗಲ್ಲ. 1959ರ ಆಯುಧಗಳ ಕಾನೂನಿನ ಪ್ರಕಾರ ಕೋವಿಯನ್ನು ದುರಸ್ತು ಮಾಡುವುದಕ್ಕೂ ಪರವಾನಿಗೆ ಬೇಕು. ಊರಿನ ಕಮ್ಮಾರನಲ್ಲಿಗೆ ಒಯ್ಯತಕ್ಕದ್ದಲ್ಲ. ಆದರೂ ಕೆಲಸದ ಕ್ರಮವನ್ನು ತಿಳಿದವನಿಗೆ, ಪರವಾನಿಗೆಯುಳ್ಳ ಕೆಲಸಗಾರನು ಮಾಡಿಕೊಟ್ಟದ್ದನ್ನು ನೋಡಿ ತೆಗೆದುಕೊಳ್ಳಲು ಬರುವುದು.

ಮೊದಲು ರೈಫಲನ್ನು ಖಾಲಿ ಮಾಡಿ, ನಳಿಗೆಯ ಹಿಂಬಾಯಿಯಲ್ಲಿ ಕಣ್ಣಿಟ್ಟೂ ಬೆರಳಿಟ್ಟೂ ನೋಡಿ, ತೋಟಾಗಳನ್ನು ಬೇರೆ ಕೋಣೆಗೆ ಸಾಗಿಸಬೇಕು. ಬೋಲ್ಟನ್ನು ಹೊರಕ್ಕೆಳೆದು, ಅಡಿಯ ತಿರುಪುಗಳನ್ನು ಬಿಚ್ಚಿದರೆ ಉಕ್ಕಿನ ಭಾಗವೆಲ್ಲವೂ ಮರದಿಂದ ಮೇಲಕ್ಕೆ ಬರುವುದು. 700ನೆಯ ಮಾದರಿಯಲ್ಲಿ ಟ್ರಿಗರಿನ ಪೆಟ್ಟಿಗೆಯು ಅಡ್ಡಲಾಗಿರುವ ಎರಡು ಮೊಳೆಗಳಿಂದ ನಿಂತಿದೆ. ಸರಿಯಾದ ದಪ್ಪದ ದಬ್ಬಳದಿಂದ ಇವನ್ನು ಮೆಲ್ಲಗೆ ಹೊಡೆದು ತೆಗೆಯಬೇಕು. ಬೋಲ್ಟನ್ನು ತಡೆಯುವ ಚಿಕ್ಕ ತುಂಡೂ ಅದರ ಸ್ಪ್ರಿಂಗೂ ಇದೇ ಮೊಳೆಯಲ್ಲಿ ಸಿಕ್ಕಿಕೊಂಡಿರುವುವು. ಆ ಸ್ಪ್ರಿಂಗು ಸಿಡಿದು ಕಳೆದುಹೋಗುವುದು ಸಾಮಾನ್ಯ. ಕೆಳಗೆ ಬಿಳಿಯ ಬಟ್ಟೆಯನ್ನು ಹಾಸಿಕೊಂಡರೆ ಹುಡುಕಾಟ ತಪ್ಪುವುದು. ಹೊಸ ಪೆಟ್ಟಿಗೆಯನ್ನು ಕೂರಿಸುವಾಗ ಮೊಳೆಗಳನ್ನು ಬಲವಂತವಾಗಿ ಹೊಡೆಯಬಾರದು, ಒಳಕ್ಕೆ ಎಣ್ಣೆಯನ್ನೂ ಹಾಕಬಾರದು. ಎಣ್ಣೆಯು ಧೂಳನ್ನು ಹಿಡಿದು ಹಳೆಯ ರೋಗವನ್ನೇ ಹೊಸದಕ್ಕೂ ತರುವುದು. ಮರದೊಳಗೆ ಸೇಫ್ಟಿಯ ಸನ್ನೆಯು ಎಲ್ಲಿಯಾದರೂ ಉಜ್ಜುತ್ತಿದೆಯೋ ಎಂಬುದನ್ನು ನೋಡಿ, ಉಜ್ಜುತ್ತಿದ್ದರೆ ಅಷ್ಟು ಮರವನ್ನು ಕೆತ್ತಬೇಕು. ಇದನ್ನು ಅಲಕ್ಷಿಸಿದರೆ ಸೇಫ್ಟಿಯು ಅರ್ಧಕ್ಕೇ ನಿಲ್ಲುವುದು. ಎಳೆತದ ಭಾರವು ಬೇಟೆಯ ರೈಫಲಿಗೆ 3ರಿಂದ 4 ಪೌಂಡುಗಳಿದ್ದರೆ ಸಾಕು.

ಬಳಿಕ ಪರೀಕ್ಷೆ, ತೋಟಾವಿಲ್ಲದೆಯೇ ನಡೆಯತಕ್ಕದ್ದು. ಬೋಲ್ಟನ್ನು ರಭಸದಿಂದ ಹತ್ತಾರು ಸಲ ಮುಚ್ಚಿ ನೋಡಬೇಕು. ಸೂಜಿಯು ಒಂದು ಸಲವೂ ಬೀಳಬಾರದು. ಸೇಫ್ಟಿಯನ್ನು ಹಾಕಿ, ಟ್ರಿಗರನ್ನು ಬಲವಾಗಿ ಎಳೆದು ಬಿಟ್ಟು, ಕೈಯನ್ನು ದೂರವಿಟ್ಟು ಸೇಫ್ಟಿಯನ್ನು ತೆಗೆಯಬೇಕು, ಆಗಲೂ ಬೀಳಬಾರದು. ಸೇಫ್ಟಿ ತೆಗೆದಿರುವಾಗ ಹಿಡಿಯ ಹಿಂಬದಿಯನ್ನು ರಬ್ಬರು ಸುತ್ತಿಗೆಯಿಂದ ತಟ್ಟಿದರೂ, ಬೋಲ್ಟಿನ ಹಿಡಿಯನ್ನು ತುಸು ಮೇಲಕ್ಕೆತ್ತಿದರೂ ಬೀಳಬಾರದು. ಇವುಗಳಲ್ಲಿ ಒಂದೇ ಒಂದು ಸಲ ಸೂಜಿ ಬಿದ್ದರೆ ರೈಫಲು ಮತ್ತೆ ಕೆಲಸಗಾರನ ಮೇಜಿಗೆ ಹೋಗತಕ್ಕದ್ದು. ಎಲ್ಲವೂ ಸರಿಯಾದ ಮೇಲೂ ಮೊದಲ ದಿನ ಒಂದೊಂದೇ ತೋಟಾವನ್ನು ತುಂಬಿ, ನಳಿಗೆಯನ್ನು ಮಣ್ಣಿನ ದಿಬ್ಬದ ಕಡೆಗೇ ಹಿಡಿದು ಹಾರಿಸಬೇಕು. ಬಿಚ್ಚಿ ತೆಗೆದ ಹಳೆಯ ಟ್ರಿಗರನ್ನು ಮಾರಬಾರದು, ಯಾರಿಗೂ ಕೊಡಬಾರದು. ಅರದಿಂದ ಅದರ ಅಂಚನ್ನು ಉಜ್ಜಿಹಾಕಿ ಹಳೆಯ ಕಬ್ಬಿಣಕ್ಕೆ ಸೇರಿಸುವುದು.