ಟ್ರಾಲಿ ಎಳೆಯುವ ಇಂಜಿನು ಕಾಯುವುದೇಕೆ?

ಕಬ್ಬಿನ ಹಂಗಾಮು ಬಂದಿತೆಂದರೆ ಕಲಬುರಗಿ ಸೀಮೆಯ ರಸ್ತೆಗಳ ನೋಟವೇ ಬೇರೆಯಾಗುತ್ತದೆ. ಅಫಜಲಪುರ ತಾಲ್ಲೂಕಿನ ಹಾವಳಗಾ, ಆಳಂದ ತಾಲ್ಲೂಕಿನ ಭೂಸನೂರು, ಈ ಎರಡು ಊರುಗಳ ಸಕ್ಕರೆ ಕಾರ್ಖಾನೆಗಳ ಕಡೆಗೆ ಟ್ರ್ಯಾಕ್ಟರುಗಳು ಹಗಲಿರುಳೂ ಸಾಗುತ್ತವೆ. ಒಂದೊಂದರ ಹಿಂದೆ ಅನೇಕ ವೇಳೆ ಎರಡೆರಡು ಟ್ರಾಲಿಗಳು. ಜೇವರ್ಗಿಯ ಕಡೆಯ ಹತ್ತಿ ತೊಗರಿಗಳೂ ಹೀಗೆಯೇ ಪೇಟೆಗೆ ಬರುವುವು. ಇವುಗಳ ನಡುವೆ ಒಂದು ಗಾಡಿ ರಸ್ತೆಯ ಮಗ್ಗುಲಲ್ಲಿ ಆವಿಯುಗುಳುತ್ತ ನಿಂತಿದ್ದರೆ, ಕಾರಿನಲ್ಲಿ ಹೋಗುವ ನಮಗೆ ಅದು ಕ್ಷಣಮಾತ್ರದ ದೃಶ್ಯ. ಅದರ ಒಡೆಯನಿಗಾದರೋ, ಕಡಿದ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತಿರುವ ಚಿಂತೆ ಒಂದು. ಸಾಲದ ಮೇಲೆ ಕೊಂಡ ಯಂತ್ರ ಕೆಟ್ಟೀತೆಂಬ ಭಯ ಇನ್ನೊಂದು. ಈ ತಾಪಕ್ಕೆ ಕಾರಣವನ್ನು ಕಂಡುಹಿಡಿಯುವ ಕ್ರಮವೇನೆಂಬುದನ್ನು ನಾವು ಇಂದು ವಿಚಾರಿಸೋಣ.

ರುಡಾಲ್ಫ್ ಡೀಸೆಲನ ಇಂಜಿನನ್ನು 1897ರಲ್ಲಿ ಪರೀಕ್ಷಿಸಿದಾಗ, ಎಣ್ಣೆಯ ಉಷ್ಣದಲ್ಲಿ ನೂರಕ್ಕೆ ಸುಮಾರು 26 ಪಾಲು ಕೆಲಸವಾಗಿ ಮಾರ್ಪಟ್ಟಿತು. ಆ ಕಾಲಕ್ಕೆ ಅದು ದೊಡ್ಡ ಸಾಧನೆ. ಇಂದಿನ ಟ್ರ್ಯಾಕ್ಟರಿನಲ್ಲಿಯೂ, ಸ್ಥೂಲವಾಗಿ ಹೇಳುವುದಾದರೆ, ಮೂರರಲ್ಲೊಂದು ಪಾಲು ಮಾತ್ರ ಕೆಲಸಕ್ಕೆ ಒದಗುವುದು. ಮತ್ತೊಂದು ಪಾಲು ಹೊಗೆಯೊಡನೆ ಹೋಗುವುದು. ಉಳಿದುದರಲ್ಲಿ ಬಹುಭಾಗವನ್ನು ನೀರು ಹೊತ್ತು ತಂದು ರೇಡಿಯೇಟರಿನಲ್ಲಿ ಗಾಳಿಗೆ ಒಪ್ಪಿಸಬೇಕು. ಎಳೆಯುವ ಭಾರ ಹೆಚ್ಚಿದಷ್ಟೂ ಹೀಗೆ ಹೊರಹಾಕಬೇಕಾದ ಉಷ್ಣವೂ ಹೆಚ್ಚುವುದು. ಬರಿಯ ಗಾಡಿ ಓಡುವಾಗ ಅಡಗಿದ್ದ ದೋಷವನ್ನು ಟ್ರಾಲಿ ಬಯಲಿಗೆಳೆಯುವುದು ಈ ಕಾರಣದಿಂದಲೇ.

ಎತ್ತು ಏದುಸಿರು ಬಿಟ್ಟರೆ, ತಿಳಿದ ಬಂಡಿಕಾರನು ಎತ್ತನ್ನು ಬಯ್ಯುವ ಮೊದಲು ಅಚ್ಚಿಗೆ ಕೀಲೆಣ್ಣೆ ಇದೆಯೇ ಎಂದು ನೋಡುತ್ತಿದ್ದನು. ಇಲ್ಲಿಯೂ ಮೊದಲು ನೋಡತಕ್ಕದ್ದು ಹಿಂದಿನ ಬಂಡಿಯನ್ನೇ. ಟ್ರಾಲಿಯ ಚಕ್ರದಲ್ಲಿ ಗಾಳಿ ಕಡಮೆಯಾಗಿದೆಯೆ? ಬ್ರೇಕು ಹಿಡಿದುಕೊಂಡಿದೆಯೆ? ಬೇರಿಂಗು ಬಿಸಿಯಾಗಿದೆಯೆ? ಹೇರಿದ ಭಾರ ಯಂತ್ರದ ಶಕ್ತಿಗೆ ತಕ್ಕುದೆ? ಅನಂತರ ಟ್ರಾಲಿಯನ್ನು ಬಿಚ್ಚಿ, ಗಾಡಿಯನ್ನು ಅದೇ ದಾರಿಯಲ್ಲಿ ಓಡಿಸಿ ನೋಡಬೇಕು. ಬರಿದಾಗಿಯೂ ಕಾದರೆ ದೋಷ ಇಂಜಿನಿನಲ್ಲಿಯೋ ತಂಪಿನ ವ್ಯವಸ್ಥೆಯಲ್ಲಿಯೋ ಇರುವುದು ನಿಶ್ಚಯ.

ಎರಡನೆಯ ಪ್ರಶ್ನೆ: ಕಾಯುವುದು ಯಾವಾಗ? ನಿಂತಲ್ಲಿ ಅಥವಾ ಮೆಲ್ಲನೆ ಸಾಗುವಾಗ ಕಾದರೆ ಗಾಳಿಯ ಕೊರತೆಯನ್ನು ಶಂಕಿಸಬೇಕು. ಫ್ಯಾನಿನ ಬೆಲ್ಟು ಸಡಿಲವಾಗಿರಬಹುದು. ಕಬ್ಬಿನ ರವದಿ, ತೊಗರಿಯ ಹೊಟ್ಟು, ಎರೆಮಣ್ಣಿನ ಧೂಳು ರೇಡಿಯೇಟರಿನ ಸಂದುಗಳನ್ನು ಮುಚ್ಚಿರಬಹುದು. ಗಾಳಿ ಒಳಹೊಕ್ಕ ದಿಕ್ಕಿಗೆ ಎದುರಾಗಿ, ಎಂದರೆ ಇಂಜಿನಿನ ಕಡೆಯಿಂದ ಹೊರಕ್ಕೆ, ಊದಿ ಅದನ್ನು ಶುಚಿಮಾಡತಕ್ಕದ್ದು.

ಏರಿನಲ್ಲಿ, ಭಾರದ ಎಳೆತದಲ್ಲಿ ಮಾತ್ರ ಕಾದರೆ ನೀರಿನ ಹರಿವನ್ನು ಪರೀಕ್ಷಿಸಬೇಕು. ಶಹಾಬಾದಿನ ಹಾಸುಗಲ್ಲು ಸುಣ್ಣಕಲ್ಲಿನ ಜಾತಿಯದು. ಇಂತಹ ನೆಲದ ಕೊಳವೆಬಾವಿಯ ನೀರು ಗಡಸು. ಅದನ್ನೇ ತುಂಬುತ್ತ ಬಂದರೆ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಾಣುವಂತಹ ಬಿಳಿಯ ಹರಳು ರೇಡಿಯೇಟರಿನ ನಳಿಗೆಗಳಲ್ಲಿಯೂ ಕಟ್ಟುವುದು. ಥರ್ಮೋಸ್ಟಾಟು ಅರ್ಧವೇ ತೆರೆಯುತ್ತಿರಬಹುದು. ಅದನ್ನು ಕಿತ್ತೆಸೆಯುವುದು ಚಿಕಿತ್ಸೆಯಲ್ಲ. ಪಾತ್ರೆಯ ನೀರಿನಲ್ಲಿಟ್ಟು ಕಾಯಿಸಿ, ತೆರೆಯುವುದೋ ಇಲ್ಲವೋ ಕಣ್ಣಾರೆ ನೋಡಬಹುದು. ಮುಚ್ಚಳ ಸಡಿಲವಾಗಿದ್ದರೆ ಒಳಗಿನ ಒತ್ತಡ ನಿಲ್ಲದೆ ನೀರು ಬೇಗನೆ ಕುದಿಯುವುದು. ಚಾಲಕನ ರೂಢಿಯೂ ಒಂದು ಕಾರಣ. ಏರಿನಲ್ಲಿ ಮೇಲಿನ ಗೇರಿನಲ್ಲಿಯೇ ಎಳೆಸಿದರೆ ಇಂಜಿನು ನಿಧಾನವಾಗಿ ತಿಣುಕುವುದು. ಅದರೊಡನೆ ಫ್ಯಾನೂ ಪಂಪೂ ನಿಧಾನವಾಗುವುವು. ಗೇರು ಇಳಿಸಿದರೆ ಎರಡೂ ಚುರುಕಾಗುವುವು.

ಎಲ್ಲಿಯೂ ಸೋರದೆ ನೀರು ಕಡಮೆಯಾಗುತ್ತಿದ್ದರೆ, ಎಣ್ಣೆ ಹಾಲಿನಂತೆ ಬಿಳುಪಾಗಿದ್ದರೆ, ತಣ್ಣಗಿದ್ದಾಗಲೇ ಮುಚ್ಚಳ ತೆಗೆದು ಇಂಜಿನು ಹೂಡಿದೊಡನೆ ನೀರಿನಲ್ಲಿ ಗುಳ್ಳೆಗಳು ಎಡೆಬಿಡದೆ ಏಳುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ಟು ಹೋಗಿರುವ ಸಂಭವ ಹೆಚ್ಚು. ಆಗ ಮಿಸ್ತ್ರಿಯ ಬಳಿಗೆ ಹೋಗದೆ ವಿಧಿಯಿಲ್ಲ.

ದಾರಿಯಲ್ಲಿ ಕಾದಾಗ ಮಾಡಬೇಕಾದುದು ಇಷ್ಟೆ. ಗಾಡಿಯನ್ನು ನಿಲ್ಲಿಸಿ, ನೀರು ಇದ್ದು ಬೆಲ್ಟು ತಿರುಗುತ್ತಿದ್ದರೆ ಕೆಲವು ನಿಮಿಷ ಭಾರವಿಲ್ಲದೆ ಮೆಲ್ಲನೆ ಓಡಗೊಟ್ಟು ಆರಿಸಬೇಕು. ನೀರು ಹರಿದುಹೋಗಿದ್ದರೆ ಅಥವಾ ಬೆಲ್ಟು ಹರಿದಿದ್ದರೆ ಕೂಡಲೆ ಆರಿಸಬೇಕು. ಬಿಸಿಯಿರುವಾಗ ಮುಚ್ಚಳವನ್ನು ತಿರುಗಿಸಲೇಬಾರದು. ಒತ್ತಡದಲ್ಲಿದ್ದ ನೀರು ಚಿಮ್ಮಿ ಮುಖ, ಕೈಗಳನ್ನು ಬೇಯಿಸುವುದು. ಕಾದ ಲೋಹಕ್ಕೆ ತಣ್ಣೀರೆರೆದರೆ ಅದು ಬಿರಿಯುವ ಅಪಾಯವುಂಟು.

ಈ ಕ್ರಮದಲ್ಲಿ ಒಂದು ಅನುಕೂಲವಿದೆ. ಮೊದಲ ಪರೀಕ್ಷೆಗಳಿಗೆ ಕಾಸಿನ ಖರ್ಚಿಲ್ಲ, ನಡುವಿನವಕ್ಕೆ ಅಲ್ಪ, ಕೊನೆಯದಕ್ಕೆ ಮಾತ್ರ ಹೆಚ್ಚು. ಕೊನೆಯದರಿಂದಲೇ ಆರಂಭಿಸಿ ಇಂಜಿನು ಬಿಚ್ಚಿಸಿದವನು, ರವದಿ ಮುಚ್ಚಿದ ರೇಡಿಯೇಟರಿಗಾಗಿ ಒಂದು ಹಂಗಾಮಿನ ಗಳಿಕೆಯನ್ನೇ ತೆರಬೇಕಾದೀತು. ಯಾವಾಗ ಕಾಯಿತು, ಯಾವ ಏರಿನಲ್ಲಿ, ಎಷ್ಟು ಭಾರದಲ್ಲಿ ಎಂಬುದನ್ನು ಗುರುತಿಟ್ಟುಕೊಂಡು ಮಿಸ್ತ್ರಿಗೆ ಹೇಳಬಲ್ಲ ಒಡೆಯನು ಅರ್ಧ ಚಿಕಿತ್ಸೆಯನ್ನು ತಾನೇ ಮಾಡಿದಂತೆ.